ದೊಡ್ಡ ಚುಕ್ಕಿ

ಆ ಚಿತ್ರ ಚೆಂದ ಬಂದಿತ್ತು. ಕುಕನೂರಿನಿಂದ ಹತ್ತಿರದ ಹಳ್ಳಿ ಮಂಗಳೂರಿಗೆ ಹೊರಡುವ ಮೊದಲ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ ಅಮೃತಾಳಿಗೆ ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರಿಸುತ್ತಿದ್ದುದು ಅದೇ. ಗೆರೆಗಳು ಗೋಜಲಾಗಿ ಬಂದಿದ್ದರೆ ಉಮಾಪತಿ ಸರ್ ಅದನ್ನು ಬದಿಗಿಟ್ಟು ಇನ್ನೊಮ್ಮೆ ನೋಡು ಎನ್ನುತ್ತಿದ್ದರು. ಅವಳೂ ಇನ್ನೊಮ್ಮೆ ನೋಡುತ್ತಿದ್ದಳು. ಗೋಜಲಾಗಲಿಲ್ಲ. ಹದಿನಾರು ಚುಕ್ಕಿ, ನಡುವೆ ಒಂದು ದೊಡ್ಡದು, ಅದರಿಂದ ಎಲ್ಲ ದಿಕ್ಕಿಗೂ ಹೊರಟ ಗೆರೆಗಳು. ಕಂಪ್ಯೂಟರಿನಲ್ಲಿ ಅಂಚಿನ ಒಂದು ಚುಕ್ಕಿಗೆ ರೋಗದ ಗುರುತಾಗಿ ಕೆಂಪು ಬಣ್ಣ ಕೊಟ್ಟು ಓಡಲು ಬಿಟ್ಟರೆ ಕೆಂಪು ಮೊದಲು ನಡುವಿನ ದೊಡ್ಡ ಚುಕ್ಕಿಗೆ ಬಂದು, ಅಲ್ಲಿಂದ ಉಳಿದ ಎಲ್ಲವನ್ನೂ ಮುಟ್ಟುತ್ತಿತ್ತು. ದೊಡ್ಡ ಚುಕ್ಕಿಯನ್ನು ಅಳಿಸಿ ಓಡಿಸಿದರೆ ಕೆಂಪು ಅಂಚಿನಲ್ಲೇ ಸುಳಿದಾಡಿ ನಿಂತುಬಿಡುತ್ತಿತ್ತು. ಕೊಪ್ಪಳದ ಆರೋಗ್ಯ ಸಭೆಯಲ್ಲಿ ಅವಳು ಇದನ್ನು ಮೂರು ಸಲ ಮಾಡಿ ತೋರಿಸಿದ್ದಳು. ಮೂರನೆಯ ಸಲ ತೋರಿಸೆಂದು ಯಾರೂ ಕೇಳಿರಲಿಲ್ಲ. ಮುಂದಿನ ಸಾಲಿನಲ್ಲಿದ್ದವರು ತಲೆದೂಗಿದ್ದು ಅವಳಿಗೆ ಇನ್ನೂ ಸಾಕಾಗಿರಲಿಲ್ಲ, ಅಷ್ಟೇ.

ಕಳೆದ ಚಳಿಗಾಲದಲ್ಲಿ ಮಂಗಳೂರಿನ ನಾಟಿ ಗುಂಪಿನ ಇಬ್ಬರು ಹೆಂಗಸರಿಗೆ ಕ್ಷಯ ಕಂಡಿತ್ತು. ಯಲಬುರ್ಗಾ ಕಡೆಯ ಈ ಒಣಸೀಮೆಯ ಹೆಂಗಸರು ವರ್ಷಕ್ಕೆ ಎರಡು ಹಂಗಾಮು ಗಂಗಾವತಿ ಕಡೆಯ ಕಾಲುವೆ ಸೀಮೆಗೆ ಹೋಗಿ ಸಿದ್ದಾಪುರದ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುತ್ತಾರೆ. ಸೋಮವಾರ ಬೆಳಿಗ್ಗೆ ಕ್ರೂಸರ್ ಗಾಡಿ ಹತ್ತಿದರೆ ವಾರದ ಕೊನೆಗೆ ಮರಳುವುದು. ನಡುವಿನ ದಿನಗಳಲ್ಲಿ ಗದ್ದೆಯ ಬದಿಯ ತಗಡಿನ ಶೆಡ್ಡೇ ಮನೆ. ಯಾರು ಯಾರೊಡನೆ ಒಡನಾಡುತ್ತಾರೆ ಎಂಬುದನ್ನು ಬಲೆಯಂತೆ ಬರೆದುಕೊಂಡು, ಆ ಬಲೆಯ ಎಳೆಗಳ ಮೇಲೆ ರೋಗ ಹೇಗೆ ಸಾಗುತ್ತದೆಂದು ಲೆಕ್ಕ ಹಾಕುವ ಅಧ್ಯಯನವೊಂದನ್ನು ಉಮಾಪತಿ ಸರ್ ನಡೆಸುತ್ತಿದ್ದರು. ಸಂಖ್ಯಾಶಾಸ್ತ್ರ ಓದಿದ್ದ, ಕುಕನೂರಿನ ಕಾಳಿನ ವ್ಯಾಪಾರಿಯ ಮಗಳಾದ ಅಮೃತಾ ಅದರಲ್ಲಿ ಗುತ್ತಿಗೆಯ ಕೆಲಸಕ್ಕಿದ್ದಳು. ಪ್ರತಿಯೊಬ್ಬಳಿಗೂ ಮೂರು ಪ್ರಶ್ನೆ: ಯಾರ ಜೊತೆ ಕೂರುತ್ತೀರಿ, ಯಾರ ಜೊತೆ ಉಣ್ಣುತ್ತೀರಿ, ಯಾರ ಪಕ್ಕ ಮಲಗುತ್ತೀರಿ. ಹೇಳಿದ ಪ್ರತಿ ಹೆಸರಿಗೆ ಒಂದು ಗೆರೆ. ಗೆರೆ ಹೆಚ್ಚಾದಷ್ಟೂ ಚುಕ್ಕಿ ದೊಡ್ಡದು. ನಡುವೆ ಬಂದು ಕುಳಿತ ದೊಡ್ಡ ಚುಕ್ಕಿ ಗುಂಪಿನ ಹಿರಿಯಳಾದ ಪಾರ್ವತೆಮ್ಮ. ಆಕೆಯ ಕಫವನ್ನು ಪರೀಕ್ಷೆ ಮಾಡಿದ್ದರು, ಎದೆಯ ಎಕ್ಸ್‌ರೇ ತೆಗೆದಿದ್ದರು. ಎರಡರಲ್ಲೂ ಏನೂ ಇರಲಿಲ್ಲ.

ನಿನ್ನೆ ಸಂಜೆ ಪಾರ್ವತೆಮ್ಮ ಫೋನ್ ಮಾಡಿದಾಗ ಅಮೃತಾ ಅಂಗಡಿಯ ಒಳಕೋಣೆಯಲ್ಲಿ ತಾಯಿಯ ಜೊತೆ ಅವರೆ ಬಿಡಿಸುತ್ತಿದ್ದಳು. ‘ಮೇಡಮ್ಮರ, ನಾಳೆ ಗಾಡಿ ಹೊಂಡತೈತ್ರಿ. ಡ್ರೈವರ್ ದುರಗೇಶ ನನಗ ಸೀಟಿಲ್ಲ ಅಂತಾನ. ಈ ವಾರ ತಪ್ಪಿತಂದ್ರ ಹಂಗಾಮ ಹೋದಂಗರಿ, ಬ್ಯಾರೆಯಾಕಿನ್ನ ಮುಂದ ಮಾಡ್ಕೊಂಡು ಹೋಗಿಬಿಡ್ತಾರ. ನೀವು ಬಂದು ಅವರ ಮುಂದ ಒಂದು ಮಾತು ಹೇಳ್ರಿ, ಈಕಿಗೆ ಏನೂ ಇಲ್ಲ ಅಂತ. ನಿಮ್ಮ ಮಾತು ಕೇಳ್ತಾರ.’ ಧ್ವನಿಯಲ್ಲಿ ದೂರು ಇರಲಿಲ್ಲ. ಬೈದಿದ್ದರೆ ಅಮೃತಾ ಏನಾದರೂ ಸಬೂಬು ಹೇಳುತ್ತಿದ್ದಳು. ‘ಬರ್ತೀನ್ರಿ’ ಎಂದಳು. ತಾಯಿ ಸಿಪ್ಪೆಗಳನ್ನು ಮೊರದ ಒಂದು ಬದಿಗೆ ಸರಿಸುತ್ತ, ‘ಅಲ್ಲಿ ಯಾರ ಮನ್ಯಾಗೂ ನೀರು ಚಾ ಅಂತ ಕುಂದರಬ್ಯಾಡ, ಮದಲ ರೋಗದ ಊರು’ ಎಂದಳು. ರೋಗದ ಊರು ಎಂಬ ಮಾತಿಗೆ ಅಮೃತಾ ಸಿಡುಕಿದ್ದಳು, ಕ್ಷಯ ಚಹಾದಿಂದ ಬರುವುದಿಲ್ಲ, ಗಾಳಿಯಿಂದ ಬರುತ್ತದೆ, ಅದೂ ಕೆಮ್ಮುವವರಿದ್ದರೆ ಎಂದು ವಿವರಿಸಿದ್ದಳು. ತಾಯಿ ಕೇಳಿಸಿಕೊಳ್ಳದವಳಂತೆ ಅವರೆ ಬಿಡಿಸಿದ್ದಳು. ತಾಯಿಯ ಮಾತಿನಲ್ಲಿ ರೋಗದ ಭಯ ಎಷ್ಟು, ಅದಕ್ಕೂ ಹಳೆಯದಾದ ಇನ್ನೊಂದು ಎಷ್ಟು ಎಂದು ಬೇರ್ಪಡಿಸಲು ಅವಳಿಗೆ ಆಗಿರಲಿಲ್ಲ. ಅಂಗಡಿಯ ಕಿಟಕಿಯ ಕಟ್ಟೆಯ ಮೇಲೆ ಹಮಾಲರಿಗೆಂದು ಬೇರೆ ಇಟ್ಟ ಕಪ್ಪುಗಳು ಬೋರಲು ಇರುತ್ತಿದ್ದವು. ಚಿಕ್ಕವಳಿದ್ದಾಗ ಕೆಟಲನ್ನು ಎತ್ತರ ಹಿಡಿದು ಅವಕ್ಕೆ ಚಹಾ ಸುರಿಯುವುದು ಅವಳಿಗೆ ಆಟದಂತಿತ್ತು. ಒಂದು ಹನಿಯೂ ಹೊರಗೆ ಬೀಳದಂತೆ ಸುರಿದರೆ ಅಪ್ಪ ಶಾಭಾಸ್ ಎನ್ನುತ್ತಿದ್ದ.

ಇಂದು ಮಾಸ್ಕ್ ಹಾಕಿಕೊಳ್ಳಬಾರದೆಂದು ಅವಳು ಮನೆಯಲ್ಲೇ ನಿಶ್ಚಯಿಸಿದ್ದಳು. ಹೆಂಗಸರು ನೋಡಲಿ, ಮೇಡಮ್ಮನೇ ಹೆದರುವುದಿಲ್ಲ ಎಂದುಕೊಳ್ಳಲಿ. ಆದರೂ ಒಂದನ್ನು ಚೀಲದ ಮುಂಬದಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಬಸ್ಸಿನಲ್ಲಿ ಬೇಕಾಗಬಹುದು. ಕಂಡಕ್ಟರ್ ಬಂದು, ‘ಎಲ್ಲಿಗ್ರೀ?’ ಎಂದಾಗ ಅವಳು ‘ಮಂಗಳೂರು’ ಎಂದಳು. ‘ಸಮುದ್ರ ಇಲ್ಲದ ಮಂಗಳೂರಲ್ರಿ?’ ಎಂದು ಅವನು ತಾನೇ ನಕ್ಕು ಟಿಕೇಟು ಹರಿದುಕೊಟ್ಟ. ಇದೇ ಮಾತನ್ನು ಅವನು ದಿನಾ ಯಾರಿಗಾದರೂ ಹೇಳುತ್ತಿರಬೇಕು.

ಮೊದಲ ಸಲ ಬಂದಾಗ ಪಾರ್ವತೆಮ್ಮ ಬಸ್ ನಿಲ್ದಾಣಕ್ಕೇ ಬಂದಿದ್ದಳು, ಕೈಯಲ್ಲಿ ಒಂದು ಕೋಲು. ‘ಓಣ್ಯಾಗ ನಾಯಿ ಭಾಳ ಅದಾವ್ರಿ, ನಿಮ್ಮ ಚಪ್ಪಲಿ ಸಪ್ಪಳ ಹೊಸದು.’ ಮನೆಯಿಂದ ಮನೆಗೆ ಆಕೆಯೇ ಕರೆದೊಯ್ದಳು. ಪ್ರತಿ ಬಾಗಿಲಲ್ಲೂ ಆಕೆಯೇ ಮೊದಲು ಕೂಗಿದಳು: ‘ಏ ಗೀತಾ, ಮೇಡಮ್ಮ ಬಂದಾರ, ಕೇಳಿದ್ದಕ್ಕ ಖರೇ ಖರೇ ಹೇಳು, ಮತ್ತ ನಾಚ್ಕೊಂಡು ಕುಂದರಬ್ಯಾಡ.’ ಹೇಳಿ, ಹೊರಗೆ ಹೋಗದೆ, ಹೊಸ್ತಿಲ ಮೇಲೆಯೇ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. ಯಾರ ಜೊತೆ ಉಣ್ಣುತ್ತೀರಿ ಎಂದು ಅಮೃತಾ ಕೇಳಿದಾಗ, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಗೀತಾ ಅವಳನ್ನು ನೋಡಲಿಲ್ಲ, ಹೊಸ್ತಿಲ ಕಡೆ ನೋಡಿ ನಕ್ಕಳು. ‘ಮತ್ಯಾರ ಜೋಡಿ ಉಣ್ತೀವ್ರಿ, ಅಕ್ಕನ ಜೋಡೀನ.’ ಕೂರುವುದು? ಅಕ್ಕನ ಜೋಡಿ. ಮಲಗುವುದು? ‘ಅಕ್ಕನ ಬಾಜೂನ.’ ಪಾರ್ವತೆಮ್ಮ, ‘ಅಯ್ಯ, ಹದಿನೈದು ಮಂದಿ ನನ್ನ ಬಾಜೂನ ಮಲಗಿದ್ರ ನಾ ಎಷ್ಟು ಅಗಲ ಇರಬೇಕ’ ಎಂದು ತಾನೇ ನಗೆಯಾಡಿದ್ದಳು. ಎಲ್ಲರೂ ನಕ್ಕರು. ಅಮೃತಾ ಕೂಡ ನಕ್ಕು, ಟ್ಯಾಬಿನಲ್ಲಿ ಆ ಹೆಸರನ್ನೇ ಒತ್ತಿದಳು. ಎರಡನೆಯ ಮನೆಯಲ್ಲೂ ಅದೇ. ಐದನೆಯ ಮನೆಯ ಹೊತ್ತಿಗೆ ಅವಳಿಗೆ ಗೊತ್ತಾಗಿತ್ತು. ಹಿರಿಯಳು ಎದುರಿಗೆ ಕುಳಿತಿರುವಾಗ ಆಕೆಯ ಹೆಸರು ಬಿಟ್ಟು ಇನ್ನೊಬ್ಬಳ ಹೆಸರು ಹೇಳುವುದು ಅಲ್ಲಿ ಯಾರಿಂದಲೂ ಆಗದ ಮಾತು, ಅದು ಅವಮಾನ. ಕೇಳಿದ್ದು ಒಡನಾಟ, ಸಿಕ್ಕಿದ್ದು ಮರ್ಯಾದೆ. ‘ಪಾರ್ವತೆಮ್ಮರ, ನೀವು ಸ್ವಲ್ಪ ಹೊರಗ ಇರ್ತೀರೇನ್ರಿ?’ ಎಂದರೆ ಸಾಕಿತ್ತು. ಬಿಸಿಲಿನಲ್ಲಿ ಕೋಲು ಹಿಡಿದು ಜೊತೆಗೆ ಬಂದವಳಿಗೆ ಅದನ್ನು ಹೇಳಲು ಸಂಕೋಚವಾಯಿತು ಎಂದು ಅಮೃತಾ ಆಮೇಲೆ ತನಗೇ ಹೇಳಿಕೊಂಡಿದ್ದಳು. ಸಂಕೋಚ ನಿಜವೇ. ಆದರೆ ಆ ಸಂಕೋಚ ಸಂಜೆಯ ಬಸ್ಸಿಗೆ ಮುಗಿಯಬೇಕಿತ್ತು. ಮರುದಿನ ಕಚೇರಿಯಲ್ಲಿ ಚಿತ್ರ ಮೂಡಿದಾಗ ಅದರ ಜಾಗದಲ್ಲಿ ಆ ಚೆಂದವನ್ನು ಕೆಡಿಸಲೊಲ್ಲದ ಆಸೆ ಬಂದಿತ್ತು. ಆರನೇ ಇಯತ್ತೆಯಲ್ಲಿ ಮೇಷ್ಟ್ರು ಶೋಭಾರಾಣಿಯನ್ನು ಮುಂದೆ ನಿಲ್ಲಿಸಿ, ಈಕೆ ಮಾನಿಟರ್ ಆಗಲಿ ಎನ್ನುವವರು ಕೈ ಎತ್ತಿ ಎಂದಾಗ ಇಡೀ ತರಗತಿ ಕೈ ಎತ್ತಿತ್ತು. ಅಮೃತಾಳಿಗೆ ಶೋಭಾರಾಣಿಯನ್ನು ಕಂಡರೆ ಆಗುತ್ತಿರಲಿಲ್ಲ, ಆದರೂ ಕೈ ಎತ್ತಿದ್ದಳು. ಅಂಥ ಕೈಗಳಿಗೆ ಏನು ಬೆಲೆ ಎಂಬುದು ಅವಳಿಗೆ ಸಂಖ್ಯಾಶಾಸ್ತ್ರ ಕಲಿಸಬೇಕಾಗಿರಲಿಲ್ಲ.

ಸಿದ್ದಾಪುರದ ಗದ್ದೆಗೂ ಅವಳು ಒಂದು ದಿನ ಹೋಗಿದ್ದಳು. ಕೆಸರಿನಲ್ಲಿ ಸಾಲು ಹಿಡಿದು ಬಗ್ಗಿದ ಬೆನ್ನುಗಳು. ಸಾಲಿನ ತುದಿಯಲ್ಲಿ ಪಾರ್ವತೆಮ್ಮ, ಅವಳ ಕೈಯ ವೇಗಕ್ಕೆ ಉಳಿದವರ ಕೈ. ಊಟದ ಹೊತ್ತಿಗೆ ಹೆಂಗಸರು ಇಬ್ಬಿಬ್ಬರು ಮೂವರಾಗಿ, ಅತ್ತಿಗೆ ನಾದಿನಿ, ಅಕ್ಕ ತಂಗಿ, ಒಂದೇ ಓಣಿಯವರು ಎಂದು ಬದುವಿನ ಮೇಲೆ ಬುತ್ತಿ ಬಿಚ್ಚಿದರು. ಗೀತಾ ತನ್ನ ತವರೂರಿನವಳೊಬ್ಬಳ ಜೊತೆ ಒಂದೇ ಡಬ್ಬಿಯಲ್ಲಿ ಉಂಡಳು. ಪಾರ್ವತೆಮ್ಮ ಗದ್ದೆಯವರ ಜೊತೆ ನಾಳೆಯ ಮಾತು ಮುಗಿಸಿ ಎಲ್ಲರ ನಂತರ ಬಂದು, ದೂರ, ಮೋಟರ್ ಕೋಣೆಯ ನೆರಳಿನಲ್ಲಿ ಒಬ್ಬಳೇ ಕೂತು ಉಂಡಳು. ಹಿರಿಯಳು ಎದುರಿಗಿದ್ದರೆ ಹುಡುಗಿಯರು ಹೊಟ್ಟೆತುಂಬ ನಗುವುದಿಲ್ಲ, ಅದು ಆಕೆಗೆ ಗೊತ್ತಿತ್ತು. ಅಮೃತಾ ಇದನ್ನು ಕಣ್ಣಾರೆ ಕಂಡಿದ್ದಳು. ಹದಿನೈದು ಗೆರೆಗಳ ದೊಡ್ಡ ಚುಕ್ಕಿ ಒಬ್ಬಳೇ ರೊಟ್ಟಿ ಮುರಿಯುತ್ತಿತ್ತು.

ಇನ್ನು ಗಾಡಿಯ ಮಾತು. ಚಳಿಗಾಲದಲ್ಲಿ ಗಾಜು ಏರಿಸಿಕೊಂಡು ಅಷ್ಟೂ ಜನ ಒಂದೇ ಗಾಳಿ ಕುಡಿಯುತ್ತ ಗಂಗಾವತಿ ದಾಟುವುದು ಕ್ರೂಸರಿನಲ್ಲಿ. ಅದನ್ನೂ ಕೇಳೋಣ ಎಂದು ಅಮೃತಾ ಹೇಳಿದ್ದಳು. ಉಮಾಪತಿ ಸರ್ ಕನ್ನಡಕ ತೆಗೆದು ಒರೆಸುತ್ತ, ‘ಎಲ್ಲಾರೂ ಎಲ್ಲಾರ ಜೋಡಿ ಅಂದ್ರ ಅದು ಬಲೆ ಅಲ್ಲಮ್ಮ, ಗೆರಿ ಮ್ಯಾಲ ಗೆರಿ ಬಿದ್ದ ಕರೀ ಉಂಡಿ. ಅದರಾಗ ಏನ್ ಕಾಣ್ತೈತಿ? ಗಾಡಿ ತಗಿ’ ಎಂದಿದ್ದರು. ತೆಗೆದಳು. ಗಾಡಿಯ ಜೊತೆಗೆ ಅದರ ಚಾಲಕ ದುರಗೇಶನೂ ಚಿತ್ರದಿಂದ ಹೋದ. ಅವನಿಗೆ ಒಂದು ಚುಕ್ಕಿಯೂ ಇರಲಿಲ್ಲ.

ಇಷ್ಟಾದರೂ ಚಿತ್ರದಲ್ಲಿ ಹೆಸರು ಇರಲಿಲ್ಲ. ಯಾವ ಚುಕ್ಕಿ ಯಾರದೆಂದು ಹೊರಗಿನ ಯಾರಿಗೂ ತಿಳಿಯಬಾರದೆಂಬ ನಿಯಮ ಇತ್ತು. ಅದನ್ನು ಮುರಿದವಳು ತಾನೇ, ಅದೂ ಎಂಥ ಸಣ್ಣ ಸಂಗತಿಗೆ ಎಂದು ನೆನೆದಾಗ ಬಸ್ಸಿನ ಸೀಟಿನಲ್ಲಿ ಅವಳ ಮೈ ಬಿಸಿಯಾಯಿತು. ಎರಡನೆಯ ಭೇಟಿಯ ದಿನ ಲ್ಯಾಪ್‌ಟಾಪ್ ತೆರೆದಿತ್ತು. ಪಾರ್ವತೆಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಬಗ್ಗಿ ನೋಡಿ, ‘ಇದರಾಗ ನಾ ಯಾವಾಕಿರೀ?’ ಎಂದಿದ್ದಳು. ಕೋಲು ಹಿಡಿದು ತಿರುಗಿದವಳಿಗೆ ಏನಾದರೂ ಕೊಡಬೇಕೆನಿಸಿ ಅಮೃತಾ ದೊಡ್ಡ ಚುಕ್ಕಿಯ ಮೇಲೆ ಬೆರಳಿಟ್ಟಳು. ‘ಎಲ್ಲಾರಕಿಂತ ದೊಡ್ಡಾಕಿ ನೀವರಿ.’ ಪಾರ್ವತೆಮ್ಮನ ಮುಖ ಅರಳಿತು. ಯಾರೋ ಹಿರಿಯರು ಒಳಗೆ ಬಂದಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆ ವಾರ ಗಾಡಿಯಲ್ಲಿ ಆಕೆ ಅದನ್ನು ಎಲ್ಲರಿಗೂ ಹೇಳಿದಳು. ಆಮೇಲೆ ಕೊಪ್ಪಳದ ಸಭೆಗೆ ಹೋಗಿ ಬಂದವರ ಬಾಯಿಂದ ಇನ್ನೊಂದು ಮಾತು ಊರಿಗೆ ಬಂತು: ದೊಡ್ಡ ಚುಕ್ಕಿಯಿಂದಲೇ ರೋಗ ಹರಡುವುದಂತೆ, ಅದನ್ನು ತೆಗೆದರೆ ಎಲ್ಲ ನಿಲ್ಲುವುದಂತೆ, ಮೇಡಮ್ಮ ಮೂರು ಸಲ ತೆಗೆದು ತೋರಿಸಿದರಂತೆ. ಎರಡು ಮಾತು ಒಂದೆಡೆ ಸೇರಲು ಹೆಚ್ಚು ದಿನ ಬೇಕಾಗಲಿಲ್ಲ.

ಬಸ್ಸಿನಿಂದ ಇಳಿದಾಗ ಕ್ರೂಸರ್ ಬೇವಿನ ಮರದ ಕೆಳಗೆ ನಿಂತಿತ್ತು. ಮೇಲಿನ ಕ್ಯಾರಿಯರಿಗೆ ಹಾಸಿಗೆಯ ಗಂಟುಗಳು, ಪಾತ್ರೆಯ ಚೀಲಗಳನ್ನು ಬಿಗಿಯಲಾಗಿತ್ತು. ಹೆಂಗಸರು ಆಗಲೇ ಒಳಗೆ ಹತ್ತಿ ಕುಳಿತಿದ್ದರು. ಪಾರ್ವತೆಮ್ಮ ಎಲ್ಲರಿಂದ ಸ್ವಲ್ಪ ದೂರ, ಕಂಕುಳಲ್ಲಿ ಗಂಟು, ಕೈಯಲ್ಲಿ ಬುತ್ತಿ ಹಿಡಿದು ಗಾಡಿಗೆ ಕಾದವಳಂತೆ ನಿಂತಿದ್ದಳು. ಅಮೃತಾಳನ್ನು ಕಂಡು, ‘ಬಂದ್ರು ನೋಡ್ರಿ ಮೇಡಮ್ಮ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

‘ಪಾರ್ವತೆಮ್ಮಗ ಯಾವ ರೋಗಾನೂ ಇಲ್ರಿ’ ಎಂದಳು ಅಮೃತಾ. ‘ಕಫಾನೂ ನೋಡ್ಯಾರ, ಎಕ್ಸ್‌ರೇನೂ ನೋಡ್ಯಾರ. ನನ್ನ ನಿಮ್ಮಂಗ ಛಲೋ ಅದಾರ. ಕರ್ಕೊಂಡು ಹೋಗ್ರಿ.’

ದುರಗೇಶ ಬಾನೆಟ್ಟಿಗೆ ಒರಗಿ ನಿಂತು ಹಲ್ಲು ಉಜ್ಜುತ್ತಿದ್ದ. ಉಗುಳಿ ಬಂದ. ‘ರಿಪೋರ್ಟ್ ಇರಬಹುದ್ರಿ ಮೇಡಂ. ಆದ್ರ ಚಿತ್ರ ತಗದಾಕಿನೂ ನೀವಲ್ರಿ? ಅದರಾಗ ದೊಡ್ಡಾಕಿ ಇವಳಂತ ನೀವ ಹೇಳೀರಂತ. ಈಗ ಇಲ್ಲ ಅಂದ್ರ ಯಾವ್ದು ನಂಬೋದ್ರಿ?’

‘ಆ ಚಿತ್ರ ತಪ್ಪೈತಿ.’

ಈ ಮಾತು ಇಷ್ಟು ಸುಲಭವಾಗಿ ಬಾಯಿಂದ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಕೊಪ್ಪಳದಲ್ಲಿ ಇದನ್ನು ಹೇಳಲು ಅವಳು ಎರಡು ತಿಂಗಳು ತಾಲೀಮು ಮಾಡಿ ಹೇಳದೆ ಉಳಿದಿದ್ದಳು. ಇಲ್ಲಿ ಬೇವಿನ ಮರದ ಕೆಳಗೆ ಅದಕ್ಕೆ ಯಾವ ತೂಕವೂ ಇರಲಿಲ್ಲ. ‘ತಪ್ಪಂದ್ರ?’ ಎಂದ ದುರಗೇಶ. ಉತ್ತರ ಗಾಡಿಯೊಳಗೇ ಇತ್ತು, ಹದಿನೈದು ಬಾಯಿಗಳಲ್ಲಿ. ಕೇಳಿದರೆ ಆಯಿತು, ಇವರೇ ಹೇಳುತ್ತಾರೆ, ಚಿತ್ರ ಇಲ್ಲಿಯೇ ಸರಿಯಾಗುತ್ತದೆ ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ ಹುರುಪಿನಲ್ಲಿ ಅವಳು ಪಾರ್ವತೆಮ್ಮನ ಕಡೆ ನೋಡಲು ಮರೆತಳು. ಬಾಗಿಲ ಬಳಿ ಕುಳಿತಿದ್ದ ಗೀತಾಳನ್ನು ಕೇಳಿದಳು. ‘ಗೀತಾ, ಖರೇ ಹೇಳು. ನೀ ಗದ್ಯಾಗ ಯಾರ ಜೋಡಿ ಉಣ್ತಿದ್ದಿ?’

ಗೀತಾ ಈ ಸಲ ನಗಲಿಲ್ಲ. ಯಾರ ಕಡೆಗೂ ನೋಡಲಿಲ್ಲ, ತನ್ನ ಕಾಲುಂಗುರವನ್ನು ನೋಡಿದಳು. ‘ನಾ ಅಕ್ಕನ ಜೋಡಿ ಉಂಡಿಲ್ರಿ. ಒಂದಿನಾನೂ ಉಂಡಿಲ್ಲ.’

‘ನಾನೂ ಇಲ್ರಿ’ ಎಂದಳು ಪಕ್ಕದವಳು, ಇನ್ನೂ ಕೇಳುವ ಮೊದಲೇ. ‘ನಾವು ನಮ್ಮ ನಾದಿನಿ ಜೋಡಿ ಉಣ್ತೀವ್ರಿ, ಆಕಿನ್ನ ಕೇಳ್ರಿ ಬೇಕಾರ.’ ಒಳಗಿನಿಂದ ಇನ್ನೊಂದು ದನಿ, ‘ಆಕಿ ದೂರ ಕುಂದರತಿದ್ದಳ್ರಿ, ಮೋಟರ್ ಖೋಲಿ ನೆರಳಾಗ.’ ‘ನಾ ಈ ಕಡಿ ಗ್ವಾಡಿಗೆ ಮಲಗತಿದ್ದೆ, ಆಕಿ ಆ ಕಡಿ ಬಾಗಲಕ್ಕ.’ ‘ನಾ ಮಾತೂ ಆಡಸ್ತಿದ್ದಿಲ್ಲ ನೋಡ್ರಿ’ ಎಂದಳು ಒಬ್ಬಳು, ಅವಳ ಮದುವೆಯನ್ನು ಪಾರ್ವತೆಮ್ಮನೇ ಮುಂದೆ ನಿಂತು ಮಾಡಿಸಿದ್ದಳು. ಸಾಲಿನಲ್ಲಿ ಸಸಿ ಹಚ್ಚುವಂತೆ ಒಬ್ಬಳ ಹಿಂದೆ ಒಬ್ಬಳು. ಅಮೃತಾ ‘ಸಾಕ್ರಿ, ಸಾಕು’ ಎಂದಳು. ಯಾರೂ ನಿಲ್ಲಿಸಲಿಲ್ಲ. ತನ್ನ ಹೆಸರು ಪಾರ್ವತೆಮ್ಮನ ಜೊತೆ ಉಳಿದುಹೋದೀತೆಂಬ ಅವಸರದಲ್ಲಿ ಹಿಂದಿನ ಸೀಟಿನವಳು ಎದ್ದು ನಿಂತು ತಲೆಯನ್ನು ಗಾಡಿಯ ತಗಡಿಗೆ ಬಡಿಸಿಕೊಂಡಳು.

ಅವರು ಹೇಳಿದ್ದು, ಮಾತೂ ಆಡಿಸುತ್ತಿರಲಿಲ್ಲ ಎಂದವಳದೊಂದು ಬಿಟ್ಟರೆ, ನಿಜ. ಅಮೃತಾ ಅದನ್ನು ಗದ್ದೆಯಲ್ಲಿ ತಾನೇ ಕಂಡಿದ್ದಳು. ಇಷ್ಟು ತಿಂಗಳ ಕೆಲಸದಲ್ಲಿ ಮೊದಲ ಬಾರಿಗೆ ಅವಳ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿತ್ತು, ಮತ್ತು ಅದು ಪಾರ್ವತೆಮ್ಮನ ಎದುರಿಗೇ ಸಿಕ್ಕಿತ್ತು. ಆಗಲೂ ಆಕೆಯನ್ನು ಹೊರಗಿರಿ ಎನ್ನಲಿಲ್ಲ, ಈಗಲೂ ಎನ್ನಲಿಲ್ಲ.

‘ಮತ್ತ ಯಾರ ಜೋಡಿನೂ ಇಲ್ಲಂದಮ್ಯಾಲ’ ಎಂದ ದುರಗೇಶ, ವ್ಯಂಗ್ಯವಿಲ್ಲದೆ, ಲೆಕ್ಕ ಮುಗಿಸುವವನಂತೆ, ‘ಆಕಿ ಇಲ್ಲದ ಹೋದ್ರ ಯಾರಿಗೂ ಏನೂ ಕಡಿಮಿ ಆಗಾಂಗಿಲ್ಲ ಬಿಡ್ರಿ.’ ಬಾಗಿಲು ಎಳೆದ. ಅದು ಒಂದೇ ಸಲಕ್ಕೆ ಹಾಕಿಕೊಳ್ಳಲಿಲ್ಲ. ಎರಡು ಸಲ ಬಡಿಯಬೇಕಾಯಿತು. ಚಾಲಕನ ಸೀಟಿಗೆ ಏರುತ್ತ ಅವನು ಮುಷ್ಟಿಗೆ ಬಾಯಿ ಇಟ್ಟು ಕೆಮ್ಮಿದ. ನಸುಕಿನ ತಂಪಿಗೆ ಎಲ್ಲರೂ ಕೆಮ್ಮುತ್ತಾರೆ. ಆದರೂ ಅವನನ್ನು ಯಾರೂ ಪರೀಕ್ಷೆ ಮಾಡಿಲ್ಲ ಎಂಬುದು ನೆನಪಾಗಿ ಅಮೃತಾ ಗಾಡಿಯ ಕಡೆ ಎರಡು ಹೆಜ್ಜೆ ಹಾಕಿದಳು. ಗಾಡಿ ಹೊರಟಿತ್ತು. ಕಿಟಕಿಗಳ ಗಾಜುಗಳು ಏರಿದ್ದವು.

ಪಾರ್ವತೆಮ್ಮ ಗಂಟನ್ನು ನೆಲಕ್ಕಿಟ್ಟು ಮರದ ಕಟ್ಟೆಯ ಮೇಲೆ ಕುಳಿತಳು. ಅವಳು ಅಳುತ್ತಾಳೆಂದು ಅಮೃತಾ ಕಾದಳು, ಅಳಲಿಲ್ಲ. ‘ನೀವು ಹೇಳಿದ್ರಿ, ಅಷ್ಟ ಸಾಕ್ರಿ’ ಎಂದಳು. ಬುತ್ತಿಯನ್ನು ಮಡಿಲಿಗಿಟ್ಟುಕೊಂಡು, ‘ಖರೇನ ಐತ್ರಿ ಅವರು ಅಂದಿದ್ದು. ನಾ ಒಬ್ಬಾಕಿನ ಉಣ್ತಿದ್ದೆ. ಹುಡುಗ್ಯಾರು ನಕ್ಕೊಂತ ಉಣ್ಲಿ ಅಂತ.’ ಅಮೃತಾ ಕೊಪ್ಪಳಕ್ಕೆ ಹೋಗಿ ಸರ್‌ಗೆ ಎಲ್ಲ ಹೇಳುತ್ತೇನೆ, ದುರಗೇಶನನ್ನೂ ಪರೀಕ್ಷೆಗೆ ಕರೆಸುತ್ತೇನೆ, ಮುಂದಿನ ವಾರ ಏನಾದರೂ ಮಾಡೋಣ ಎಂದು ಹೇಳತೊಡಗಿದಳು. ಹೇಳುತ್ತಿದ್ದುದೆಲ್ಲ ಮಾಡಬೇಕಾದದ್ದೇ ಆಗಿತ್ತು, ಮಾಡುವವಳೂ ಆಗಿದ್ದಳು. ಆದರೆ ಮುಂದಿನ ವಾರದ ಹೊತ್ತಿಗೆ ಸಾಲಿನ ತುದಿಯಲ್ಲಿ ಬೇರೆ ಯಾರೋ ನಿಂತಿರುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಪಾರ್ವತೆಮ್ಮ ತಲೆಯಾಡಿಸುತ್ತ, ಮಾತು ಮುಗಿಯಲೆಂದು ಕಾಯುತ್ತ, ಬುತ್ತಿಯ ಗಂಟು ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆ ಬಿಟ್ಟ ಬದನೆಕಾಯಿ. ವಾರಕ್ಕೆಂದು ಕಟ್ಟಿದ್ದು. ‘ನಸುಕಿನಾಗ ಬಂದೀರಿ, ಏನೂ ತಿಂದಿರಾಕಿಲ್ಲ. ಹಿಡೀರಿ’ ಎಂದು ಒಂದು ರೊಟ್ಟಿಯ ಮೇಲೆ ಹಿಂಡಿ ಇಟ್ಟು ಚಾಚಿದಳು.

ಕ್ಷಯ ಊಟದಿಂದ ಹರಡುವುದಿಲ್ಲ. ಈಕೆಗೆ ಕ್ಷಯವೂ ಇಲ್ಲ. ಎರಡನ್ನೂ ಅಮೃತಾ ಇವತ್ತು ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿಕೊಂಡಿದ್ದಳೋ. ‘ಕೊಡ್ರಿ’ ಎಂದು ಬಾಯಿ ಹೇಳಿತು. ಆದರೆ ಅವಳ ಕೈ ರೊಟ್ಟಿಯ ಕಡೆ ಬಂದಿರಲಿಲ್ಲ. ಅದು ಚೀಲದ ಮುಂಬದಿಯ ಜೇಬಿನ ಜಿಪ್ಪನ್ನು ಎಳೆಯುತ್ತಿತ್ತು. ಅದೇ ಜೇಬಿನಲ್ಲಿ ಮಾಸ್ಕಿನ ಜೊತೆಗೆ ಕೈವಸ್ತ್ರವೂ ಇತ್ತು. ಯಾವುದಕ್ಕೆ ಕೈ ಹೋಯಿತೆಂದು ಅವಳನ್ನು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ತಲೆಯೆತ್ತಿದಾಗ ಪಾರ್ವತೆಮ್ಮ ಆ ಕೈಯನ್ನು ನೋಡುತ್ತಿದ್ದಳು.

ನೋಡಿದ್ದು ಒಂದು ಕ್ಷಣ. ಆಮೇಲೆ ಆಕೆ ರಸ್ತೆಯ ಕಡೆ ಮುಖ ಮಾಡಿ, ಚಾಚಿದ್ದ ರೊಟ್ಟಿಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡು ಅರಿವೆಯಲ್ಲಿಟ್ಟಳು. ‘ಬ್ಯಾಡ ಬಿಡ್ರಿ ಮೇಡಮ್ಮ, ಬಸ್ಸಿನಾಗ ಹೋಗಾಕಿ, ಖಾರ ಹೊಟ್ಟಿಗೆ ಆಗಾಂಗಿಲ್ಲ.’ ಅರಿವೆಯ ನಾಲ್ಕು ಮೂಲೆಗಳನ್ನು ಕೂಡಿಸಿ ಗಂಟು ಹಾಕಿದಳು. ಗಂಟನ್ನು ಹಲ್ಲಿನಿಂದ ಬಿಗಿದು, ಮೊದಲ ದಿನ ಹೊಸ್ತಿಲ ಮೇಲೆ ಕುಳಿತು ಎಲ್ಲರನ್ನೂ ನಿರಾಳ ಮಾಡಿದ ಅದೇ ದನಿಯಲ್ಲಿ ಹೇಳಿದಳು:

‘ಯಾರರ ಕೇಳಿದ್ರ, ಇಬ್ಬರೂ ಕೂಡಿ ಉಂಡ್ವಿ ಅಂತ ಹೇಳ್ತೀನಿ.’